ವರ್ಣಮಾಲೆಯ ಕ್ರಮ ಯಾರಿಗೆ ಸೇರಿದ್ದು?

ಕುವೈತಿನ ಫರ್ವಾನಿಯಾ ಪ್ರಾಂತಕ್ಕೆ ಸೇರಿದ ಅರ್ದಿಯಾದಂಥ ಬಡಾವಣೆಯಲ್ಲಿ ಬೆಳೆಯುವ ಕನ್ನಡದ ಮಗುವಿನ ಕಣ್ಣಿಗೆ ಮೂರು ಅಕ್ಷರಮಾಲೆಗಳು ಒಟ್ಟಿಗೇ ಬೀಳುತ್ತವೆ: ಶಾಲೆಯ ಪುಸ್ತಕದ ಇಂಗ್ಲಿಷಿನದು, ರಸ್ತೆಯ ಫಲಕಗಳ ಅರಬ್ಬಿಯದು, ಮನೆಯಲ್ಲಿ ಹೆತ್ತವರು ರಟ್ಟಿನ ಮೇಲೆ ಕೈಯಾರೆ ಬರೆದು ಗೋಡೆಗೆ ತೂಗುಹಾಕಿದ ಕನ್ನಡದ್ದು. ಮೂರಕ್ಕೂ ಮೂರು ಬೇರೆ ಕ್ರಮಗಳಿರುವುದರಿಂದ, ಯಾವ ಅಕ್ಷರ ಮೊದಲು, ಅದೇ ಏಕೆ ಮೊದಲು ಎಂದು ಮಗು ಕೇಳುವುದು ಸಹಜ. ಆದರೆ ಆ ಪ್ರಶ್ನೆಗೆ ಉತ್ತರ ಹೇಳಹೊರಟವರು ಭಾರತೀಯ ದರ್ಶನಗಳ ಒಂದು ಹಳೆಯ ವಿವಾದದೊಳಕ್ಕೆ ಕಾಲಿಟ್ಟಂತೆಯೇ ಸರಿ. ಕ್ರಮವೆಂಬುದು ಅಕ್ಷರಗಳ ಸ್ವಭಾವದಲ್ಲೇ ಇದೆಯೋ, ಅಥವಾ ಕಲಿಯುವವರಿಗಾಗಿ ಕಲಿಸುವವರು ಮಾಡಿಕೊಂಡ ಏರ್ಪಾಡೋ ಎಂಬುದೇ ಆ ವಿವಾದದ ತಿರುಳು.

ಜೈನ ಪರಂಪರೆಯು ಅಕ್ಷರ ಕಲಿಸುವುದನ್ನು ಮೊದಲ ತೀರ್ಥಂಕರನ ಕೆಲಸವೆಂದೇ ಭಾವಿಸಿತು. ರಾಷ್ಟ್ರಕೂಟರ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಜಿನಸೇನಾಚಾರ್ಯನು ಸಂಸ್ಕೃತದಲ್ಲಿ ಬರೆದ ಆದಿಪುರಾಣದ ಪ್ರಕಾರ, ವೃಷಭನಾಥನು ಇನ್ನೂ ಗೃಹಸ್ಥನಾಗಿದ್ದಾಗ ತನ್ನ ಹೆಣ್ಣುಮಕ್ಕಳಾದ ಬ್ರಾಹ್ಮಿ ಮತ್ತು ಸುಂದರಿಯರಿಗೆ ವಿದ್ಯೆ ಕಲಿಸಲು ಅಗಲವಾದ ಒಂದು ಚಿನ್ನದ ಹಲಗೆಯನ್ನು ಬಳಸಿದನು. ಶಾಸ್ತ್ರಜ್ಞಾನದ ಅಧಿದೇವತೆಯಾದ ಶ್ರುತದೇವಿಯನ್ನು ಮೊದಲು ಅದರಲ್ಲಿ ನೆಲೆಗೊಳಿಸಿ ಪೂಜಿಸಿ, ಅನಂತರ ಅಕ್ಷರಗಳ ಸಾಲನ್ನೂ ಅಂಕಿಗಳನ್ನೂ ತನ್ನ ಎರಡು ಕೈಗಳಿಂದ ಬರೆದು ತೋರಿಸಿದನು. ಇದೇ ವೃಷಭನಾಥನ ಚರಿತ್ರೆಯನ್ನು ಪಂಪನು 941ರಲ್ಲಿ ಕನ್ನಡಕ್ಕೆ ತಂದನು. ಇಲ್ಲಿ ಹಲಗೆಯ ಚಿನ್ನಕ್ಕಿಂತ ಗಮನಿಸಬೇಕಾದುದು, ಲೋಕಕ್ಕೆ ತ್ಯಾಗವನ್ನು ಬೋಧಿಸಲಿದ್ದವನು ಅದಕ್ಕೂ ಮುಂಚೆ ಮಕ್ಕಳ ಕಣ್ಣಿಗೆ ಕಾಣುವಂತೆ ಅಕ್ಷರಗಳನ್ನು ಸಾಲಾಗಿ ಬರೆದನು ಎಂಬ ಸಂಗತಿ. ಕೈಯಿಂದ ಮಾಡಿದ ಕಲಿಕೆಯ ಸಾಧನಕ್ಕೆ ಇದಕ್ಕಿಂತ ದೊಡ್ಡ ಮನ್ನಣೆಯನ್ನು ಬೇರೆ ಯಾವ ಪುರಾಣವಾದರೂ ಕೊಟ್ಟಿರುವುದು ಅಪರೂಪ.

ಮೀಮಾಂಸಕರು, ಎಂದರೆ ವೇದವಾಕ್ಯಗಳ ಅರ್ಥವಿಚಾರವನ್ನೇ ದರ್ಶನವಾಗಿ ಬೆಳೆಸಿದವರು, ವರ್ಣಗಳು ನಿತ್ಯವೆಂದೂ ಸರ್ವವ್ಯಾಪಿಯೆಂದೂ ಸಾಧಿಸಿದರು. ಆದರೆ ಎಲ್ಲ ಕಾಲದಲ್ಲಿಯೂ ಎಲ್ಲ ಕಡೆಯಲ್ಲಿಯೂ ಇರುವ ವಸ್ತುಗಳಲ್ಲಿ ಒಂದು ಮುಂದೆ, ಒಂದು ಹಿಂದೆ ಎನ್ನಲು ಸಾಧ್ಯವಿಲ್ಲವಾದ್ದರಿಂದ, ಕ್ರಮವು ವರ್ಣಗಳದಲ್ಲ, ಅವುಗಳನ್ನು ಪ್ರಕಟಪಡಿಸುವ ಧ್ವನಿಯದು ಎಂದು ಕುಮಾರಿಲಭಟ್ಟನು ಹೇಳಬೇಕಾಯಿತು. ವೈಯಾಕರಣನಾದ ಭರ್ತೃಹರಿಯು ವಾಕ್ಯಪದೀಯದಲ್ಲಿ ಇನ್ನೂ ಆಳಕ್ಕೆ ಹೋಗಿ, ಸ್ಫೋಟವೆಂದು ಕರೆಯಲಾಗುವ ಅಖಂಡವಾದ ಶಬ್ದತತ್ತ್ವಕ್ಕೆ ಹಿಂದು ಮುಂದುಗಳೇ ಇಲ್ಲವೆಂದೂ, ನಾದವು ಒಂದಾದ ಮೇಲೊಂದರಂತೆ ಹುಟ್ಟುವುದರಿಂದ ಕ್ರಮವಿಲ್ಲದ್ದೇ ಕ್ರಮವುಳ್ಳದ್ದರಂತೆ ತೋರುತ್ತದೆಯೆಂದೂ ಪ್ರತಿಪಾದಿಸಿದನು.

ಕನ್ನಡದ ವೈಯಾಕರಣ ಕೇಶಿರಾಜನ ದಾರಿ ಬೇರೆ. 13ನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ಅವನು, ಶಬ್ದವನ್ನು ದ್ರವ್ಯವೆಂದು, ಅಂದರೆ ಲೋಕದ ಇತರ ಪದಾರ್ಥಗಳಂತೆ ಅದೂ ಒಂದು ಪದಾರ್ಥವೆಂದು ಎಣಿಸುವ ಜೈನ ಮತವನ್ನು ಅನುಸರಿಸಿ, ಜೀವನ ಇಚ್ಛೆಯಿಂದ, ಅನುಕೂಲವಾದ ಗಾಳಿಯ ನೆರವಿನಿಂದ, ನಾಭಿಯ ಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದವು ಹುಟ್ಟುತ್ತದೆ, ಅದರ ಬಣ್ಣ ಬಿಳಿ ಎನ್ನುತ್ತಾನೆ. ಶಬ್ದಕ್ಕೆ ಬಣ್ಣವನ್ನು ಹೇಳುವ ಧೈರ್ಯ ಅಚ್ಚರಿ ಹುಟ್ಟಿಸುವಂಥದು. ಆದರೆ ಈ ಮತದ ನಿಜವಾದ ಬಲವಿರುವುದು ಅಕ್ಷರವನ್ನು ದೇಹದಿಂದ ಬೇರ್ಪಡಿಸಲು ಅದು ಒಪ್ಪದಿರುವುದರಲ್ಲಿ. ಅಕ್ಷರ ಹುಟ್ಟುವುದು ಉಸಿರಿನಿಂದಲಾದರೆ, ಅಕ್ಷರಗಳ ಕ್ರಮವನ್ನು ಹುಡುಕಬೇಕಾದುದೂ ಉಸಿರು ಹಾದುಹೋಗುವ ದಾರಿಯಲ್ಲಿಯೇ.

ಕನ್ನಡದ ವರ್ಗೀಯ ವ್ಯಂಜನಗಳನ್ನು ಐದು ಅಡ್ಡಸಾಲುಗಳಲ್ಲಿ ಬರೆದಾಗ ಆ ದಾರಿ ಕಣ್ಣಿಗೆ ಕಾಣುತ್ತದೆ. ಕಂಠದ ಕ ವರ್ಗ, ಅಂಗುಳಿನ ಚ ವರ್ಗ, ನಾಲಿಗೆ ಮೇಲಕ್ಕೆ ಮಡಿಚಿ ತಾಗುವ ಟ ವರ್ಗ, ಹಲ್ಲಿನ ತ ವರ್ಗ, ತುಟಿಗಳ ಪ ವರ್ಗ ಹೀಗೆ ಉಸಿರು ಒಳಗಿನಿಂದ ಹೊರಗೆ ಬರುತ್ತದೆ. ಪ್ರತಿಯೊಂದು ಸಾಲಿನಲ್ಲಿಯೂ ಅಲ್ಪಪ್ರಾಣ, ಮಹಾಪ್ರಾಣ, ಕೊನೆಗೆ ಮೂಗಿನ ನೆರವು ಪಡೆಯುವ ಅನುನಾಸಿಕ ಬರುತ್ತವೆ. ಅರಸ, ಆನೆ, ಇಲಿಗಳ ಚಿತ್ರಗಳು ಮಕ್ಕಳಿಗೆ ಪ್ರಿಯವಾದರೂ ಅವುಗಳಿಂದ ಕ್ರಮದ ಕಾರಣ ತಿಳಿಯುವುದಿಲ್ಲ. ಆದ್ದರಿಂದ ರಟ್ಟಿನ ಮೇಲೆ ಐದು ಸಾಲು ಕಿಸೆಗಳನ್ನು ಅಂಟಿಸಿ, ಸಾಲಿನ ಪಕ್ಕದಲ್ಲಿ ಬಾಯಿಯ ಆಯಾ ಸ್ಥಾನವನ್ನು ಬರೆದು, ಅಕ್ಷರದ ಬಿಲ್ಲೆಯನ್ನು ಮಗು ಉಚ್ಚರಿಸಿ ನೋಡಿದ ಮೇಲೆಯೇ ಕಿಸೆಗೆ ಹಾಕುವಂತೆ ಮಾಡುವುದು ಹೆಚ್ಚು ಸತ್ಯವಾದ ಬೋಧನೆ. ಕಂಠಪಾಠದಲ್ಲಿ ಹೊರಗಿನಿಂದ ಬಂದು ಕೂರುವ ಕ್ರಮವನ್ನು ಇಲ್ಲಿ ಮಗು ತನ್ನ ನಾಲಿಗೆಯಲ್ಲೇ ಪತ್ತೆಹಚ್ಚುತ್ತದೆ.

ಈ ದೃಷ್ಟಿ ಭಾರತಕ್ಕೆ ಮಾತ್ರ ಸೀಮಿತವಾದುದಲ್ಲ. ಕುವೈತಿನ ಉತ್ತರಕ್ಕಿರುವ ಬಸ್ರಾದಲ್ಲಿ 8ನೆಯ ಶತಮಾನದಲ್ಲಿ ಬಾಳಿದ ಖಲೀಲ್ ಇಬ್ನ್ ಅಹ್ಮದ್ ಅಲ್ ಫರಾಹೀದಿ, ಅರಬ್ಬಿಯ ಮೊದಲ ದೊಡ್ಡ ನಿಘಂಟಿನಲ್ಲಿ ಅಕ್ಷರಗಳನ್ನು ಗಂಟಲಿನ ಆಳದಿಂದ ತುಟಿಗಳವರೆಗೆ ಜೋಡಿಸಿದನು. ಗಂಟಲಿನ 'ಐನ್' ಅಕ್ಷರದಿಂದ ಮೊದಲಾಗುವ ಆ ಗ್ರಂಥಕ್ಕೆ 'ಕಿತಾಬ್ ಅಲ್ ಐನ್' ಎಂದೇ ಹೆಸರು. ಇಂದಿನ ಅರಬ್ಬಿ ಪಾಠದ ಕ್ರಮವಾದರೋ ಒಂದೇ ಆಕಾರದ, ಚುಕ್ಕೆಗಳಿಂದ ಮಾತ್ರ ಬೇರೆಯಾಗುವ ಅಕ್ಷರಗಳನ್ನು ಹತ್ತಿರ ಇಡುತ್ತದೆ. ಅದಕ್ಕೂ ಹಳೆಯದಾದ ಅಬ್ಜದ್ ಕ್ರಮವು ಅಕ್ಷರಗಳನ್ನು ಸಂಖ್ಯೆಗಳಾಗಿ ಬಳಸಲು ಒದಗುತ್ತಿತ್ತು. ಬಾಯಿಗೊಂದು, ಕಣ್ಣಿಗೊಂದು, ಲೆಕ್ಕಕ್ಕೊಂದು ಕ್ರಮ. ಪಾಣಿನೀಯ ವ್ಯಾಕರಣದ 14 ಮಾಹೇಶ್ವರ ಸೂತ್ರಗಳೂ ಸೂತ್ರಗಳ ಸಂಕ್ಷೇಪಕ್ಕಾಗಿ ವರ್ಣಮಾಲೆಯನ್ನು ಬೇರೆಯಾಗಿಯೇ ಜೋಡಿಸಿದವು, ಮತ್ತು ಆ ಜೋಡಣೆ ಶಿವನ ಡಮರುವಿನಿಂದ ಬಂದಿತೆಂದು ಸಂಪ್ರದಾಯ ನಂಬಿತು.

ಬಿಲ್ಲೆಗಳನ್ನು ಮಗು ಕಲಸಿಬಿಟ್ಟಾಗ ಏನಾಗುತ್ತದೆ ಎಂಬ ಪ್ರಶ್ನೆಯೂ ಧಾರ್ಮಿಕವಾದುದೇ, ಏಕೆಂದರೆ ಅಕ್ಷರವಿರುವ ಕಾಗದಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆಗಳಲ್ಲಿ ಅಕ್ಷರವನ್ನು ಕತ್ತರಿಸಿ ನೆಲದ ಮೇಲೆ ಹರಡುವುದಕ್ಕೆ ಮನಸ್ಸು ಅಳುಕುತ್ತದೆ. ಕಾಶ್ಮೀರದ ಶೈವರು ಇದಕ್ಕೆ ದೊಡ್ಡ ಸಮಾಧಾನ ಕೊಟ್ಟಿದ್ದಾರೆ. ಅ ಮೊದಲಾಗಿ ಕ್ಷ ಕೊನೆಯಾಗುವ ರೂಢಿಯ ಕ್ರಮವನ್ನು ಅವರು ಮಾತೃಕೆ ಎಂಬ ಶಕ್ತಿಯಾಗಿ ಆರಾಧಿಸಿದರು. ಅದರ ಜೊತೆಯಲ್ಲಿಯೇ, ಸ್ವರಗಳೂ ವ್ಯಂಜನಗಳೂ ಒಂದರೊಳಗೊಂದು ಬೆರೆತು ನ ಅಕ್ಷರದಿಂದ ಹೊರಟು ಫ ಅಕ್ಷರದಲ್ಲಿ ಮುಗಿಯುವ ಮಾಲಿನಿ ಎಂಬ ಇನ್ನೊಂದು ಕ್ರಮವನ್ನೂ ಶಕ್ತಿಯೆಂದೇ ಕಂಡರು. ಕಲಸಿಹೋದಂತೆ ತೋರುವ ಸಾಲಿನಲ್ಲಿಯೂ ದೇವತೆ ಇದ್ದಾಳೆಂದ ಮೇಲೆ, ಮಗುವಿನ ಆಟದಲ್ಲಿ ಅಪಚಾರವನ್ನು ಹುಡುಕಬೇಕಾಗಿಲ್ಲ.

ಕ್ರಮವು ಮನುಷ್ಯರ ಬಾಯಿಗೂ ಬಳಕೆಗೂ ಸೇರಿದ್ದೆಂಬ ಈ ನಿಲುವು ಪರೀಕ್ಷೆಗೊಳಗಾಗುವುದು ಳ ಅಕ್ಷರದಲ್ಲಿ. ಕೇಶಿರಾಜನು ಕನ್ನಡಕ್ಕೆ 47 ಅಕ್ಷರಗಳನ್ನು ಹೇಳುವಾಗ ಹ್ರಸ್ವವಾದ ಎ, ಒ ಸ್ವರಗಳನ್ನೂ ಱ, ೞ, ಳ ವ್ಯಂಜನಗಳನ್ನೂ ದೇಶೀಯವೆಂದು ಗುರುತಿಸಿದನು. ಇವುಗಳಲ್ಲಿ ಎ ಮತ್ತು ಒ ತಮ್ಮ ದೀರ್ಘಗಳಾದ ಏ, ಓಗಳ ಪಕ್ಕದಲ್ಲಿ ಸ್ಥಾನ ಪಡೆದವು; ಱ, ೞಗಳು ಬಳಕೆಯಿಂದ ಜಾರಿದವು; ಳ ಮಾತ್ರ ಹಕಾರದ ಆಚೆ, ಮಾಲೆಯ ತುದಿಯಲ್ಲಿ ಉಳಿಯಿತು. ಉಚ್ಚಾರಣೆಯಲ್ಲಿ ಅದು ಟ, ಡ, ಣಗಳ ಬಂಧು. ಆದ್ದರಿಂದ ಅರ್ದಿಯಾದ ಮನೆಯಲ್ಲಿ ಮಗುವು ಳ ಎಂದು ಉಚ್ಚರಿಸಿ, ನಾಲಿಗೆ ತಾಗಿದ ಜಾಗವನ್ನು ಗಮನಿಸಿ, ಆ ಬಿಲ್ಲೆಯನ್ನು ಟ ವರ್ಗದ ಸಾಲಿನ ಬಳಿ ಇಟ್ಟರೆ ತಿದ್ದಬಾರದು. ನಿಘಂಟಿನಲ್ಲಿ ಹುಡುಕುವಾಗ ಅದು ಹಕಾರದ ಅನಂತರ ಸಿಗುತ್ತದೆಂದು ಬೇರೆಯಾಗಿ ಹೇಳಿಕೊಟ್ಟರೆ ಸಾಕು.