ಪರವೂರಿನ ಗುರು

ಸ್ವಂತ ಊರು ಬಿಟ್ಟು ನಮ್ಮೂರಿಗೆ ಬಂದು ಮಕ್ಕಳಿಗೆ ವಿದ್ಯೆ ಕಲಿಸುವವರು ನಮಗೆ ಯಾರು? ಅತಿಥಿಯೇ, ಸಂಬಳದ ಆಳೇ, ಗುರುವೇ? ಪ್ರಶ್ನೆ ಸಣ್ಣದೆನಿಸಬಹುದು. ಆದರೆ ಅದಕ್ಕೆ ನಾವು ನಮ್ಮ ನಡತೆಯಿಂದ ಕೊಡುವ ಉತ್ತರದಲ್ಲಿ, ವಿದ್ಯೆಯ ಬಗ್ಗೆ ನಮಗಿರುವ ಗೌರವ ಎಷ್ಟೆಂಬುದು ತಿಳಿದುಬಿಡುತ್ತದೆ.

ನಾನು ಹುಣಸೂರಿನಲ್ಲಿ ಮದ್ರಸಕ್ಕೆ ಹೋಗುತ್ತಿದ್ದಾಗ ನಮಗೆ ಪಾಠ ಹೇಳುತ್ತಿದ್ದವರು ಬಿಹಾರದಿಂದ ಬಂದ ಒಬ್ಬ ಹಜ್ರತ್. ಮಸೀದಿಯ ಪಕ್ಕದ ಕೋಣೆಯೇ ಅವರ ಮನೆ. ಒಂದು ಚಾಪೆ, ಒಂದು ಟ್ರಂಕು, ಗೋಡೆಯ ಗೂಡಿನಲ್ಲಿ ನಾಲ್ಕು ಕಿತಾಬುಗಳು. ಊಟ ಸರದಿಯ ಮೇಲೆ ಮನೆಮನೆಯಿಂದ ಹೋಗುತ್ತಿತ್ತು. ನಮ್ಮ ಸರದಿಯ ದಿನ ಕ್ಯಾರಿಯರ್ ಒಯ್ಯುವ ಕೆಲಸ ನನ್ನದು. ಮೊದಲ ಸಲ ರಾಗಿಮುದ್ದೆ ಕಳಿಸಿದಾಗ ಅವರು ಅದನ್ನು ಅಗಿಯುತ್ತಾ ಕುಳಿತಿದ್ದರು. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಬೇಕೆಂದು ಹತ್ತು ವರ್ಷದ ನಾನು ತೋರಿಸಿಕೊಟ್ಟೆ. ಅವರು ನಕ್ಕು, ‘ಇದನ್ನು ಕಲಿಸಿದ ಮೇಲೆ ಕನ್ನಡವನ್ನೂ ನೀನೇ ಕಲಿಸು’ ಎಂದರು.

ಅಂದಿನಿಂದ ಮಗ್ರಿಬ್ ನಮಾಝಿನ ನಂತರ ನಾನು ಗುರು, ಅವರು ಶಿಷ್ಯ. ‘ಳ’ ಅವರ ನಾಲಿಗೆಗೆ ಬರುತ್ತಲೇ ಇರಲಿಲ್ಲ. ಬಾಳೆಹಣ್ಣು ‘ಬಾಲೆಹಣ್ಣು’ ಆದಾಗ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಅವರು ಸಿಟ್ಟಾಗಲಿಲ್ಲ. ‘ಅರಬಿಯ ಐನ್ ನಿಮ್ಮ ಗಂಟಲಿಗೆ ಬರಲು ಎಷ್ಟು ದಿನ ಬೇಕಾಯಿತು?’ ಎಂದಷ್ಟೇ ಕೇಳಿದರು. ಕೆಲವು ತಿಂಗಳ ನಂತರ ಬಸ್ ನಿಲ್ದಾಣದಲ್ಲಿ ‘ಹೆಗ್ಗಡದೇವನಕೋಟೆ’ ಎಂಬ ಬೋರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ‘ಟೆ’ ತಲುಪುವಷ್ಟರಲ್ಲಿ ಬಸ್ಸು ಹೊರಟಿತ್ತು. ಅವರ ಮುಖದಲ್ಲಿ ಮಾತ್ರ ಹಬ್ಬ.

ಇತಿಹಾಸದಲ್ಲೂ ಇಂತಹವರಿದ್ದಾರೆ. ಖ್ವಾರಿಝ್ಮ್‌ನಲ್ಲಿ 973ರಲ್ಲಿ ಜನಿಸಿದ ಅಲ್‌ಬಿರೂನಿ ಭಾರತಕ್ಕೆ ಬಂದು ಸಂಸ್ಕೃತ ಕಲಿತರು. ಇಲ್ಲಿನ ಜ್ಯೋತಿಷಿಗಳ ಮುಂದೆ ತಾನು ಮೊದಲು ಶಿಷ್ಯನಾಗಿ ನಿಂತೆನೆಂದೂ, ಅವರಿಗೆ ಕಲಿಸತೊಡಗಿದ್ದು ಆ ಮೇಲೆಯೇ ಎಂದೂ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಪರನಾಡಿನ ಗುರುವಿನ ಮೊದಲ ಕರ್ತವ್ಯ ಇದೇ. ನಮ್ಮ ಹಜ್ರತ್ ಅದನ್ನು ಪೂರೈಸಿದ್ದರು. ನಾವು ನಮ್ಮದನ್ನು ಪೂರೈಸಿದೆವೇ?

ಒಂದು ಬೆಳಿಗ್ಗೆ ಅವರ ತಂದೆ ತೀರಿಕೊಂಡ ಸುದ್ದಿ ಬಂತು. ಬಸ್ಸು, ರೈಲು, ಮತ್ತೊಂದು ರೈಲು. ಊರು ಸೇರಲು ಮೂರು ದಿನ. ಜನಾಝ ಸಿಗುವುದಿಲ್ಲವೆಂದು ಗೊತ್ತಿದ್ದರೂ ತಾಯಿಗಾಗಿ ಹೊರಟರು. ಮರಳಿ ಬಂದಾಗ ಅಷ್ಟೂ ದಿನಗಳ ಸಂಬಳ ಕಡಿತವಾಗಿತ್ತು. ದೊಡ್ಡವರಾರೂ ತಪ್ಪೆನ್ನಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಲೆಕ್ಕ ಸರಿಯಿದ್ದೂ ನ್ಯಾಯ ತಪ್ಪಬಹುದೆಂದು ನಾನು ಕಲಿತದ್ದು ಅಂದು.

ಪ್ರವಾದಿವರ್ಯರು(ಸ) ಹಿಜ್ರತ್‌ಗೆ ಮೊದಲೇ ಮುಸ್‌ಅಬ್ ಬಿನ್ ಉಮೈರ್(ರ)ರನ್ನು ಯಸ್ರಿಬಿಗೆ ಶಿಕ್ಷಕರಾಗಿ ಕಳಿಸಿದ್ದರು. ಅವರು ಉಳಿದುಕೊಂಡದ್ದು ಅಸ್‌ಅದ್ ಬಿನ್ ಝುರಾರ(ರ)ರ ಮನೆಯಲ್ಲಿ. ಉಸೈದ್ ಬಿನ್ ಹುದೈರ್ ಈಟಿ ಹಿಡಿದು ಗದರಿಸಲು ಬಂದಾಗ ಮುಸ್‌ಅಬ್(ರ), ಕುಳಿತು ಕೇಳಿರಿ, ಹಿಡಿಸದಿದ್ದರೆ ನಿಲ್ಲಿಸುತ್ತೇವೆ ಎಂದು ಶಾಂತರಾಗಿ ಹೇಳಿದರು. ಉಸೈದ್ ಕುಳಿತರು, ಕೇಳಿದರು, ವಿಶ್ವಾಸಿಯಾದರು. ಗುರುವಿನ ಈ ಸಹನೆಯನ್ನು ನಾವು ಎಲ್ಲೆಡೆ ಹೇಳುತ್ತೇವೆ. ಮನೆಯ ಬಾಗಿಲು ತೆರೆದ ಅಸ್‌ಅದ್(ರ)ರನ್ನು ಮರೆಯುತ್ತೇವೆ.

ಪರನಾಡಿನ ಗುರುಗಳು ನಮ್ಮ ಸಮುದಾಯದಲ್ಲಷ್ಟೇ ಇಲ್ಲ. ಪಿರಿಯಾಪಟ್ಟಣ ದಾಟಿ ಕುಶಾಲನಗರದ ದಾರಿ ಹಿಡಿದರೆ ಬೈಲಕುಪ್ಪೆ ಸಿಗುತ್ತದೆ. 1959ರ ನಂತರ ನಾಡು ತೊರೆದು ಬಂದ ಟಿಬೆಟನ್ನರಿಗೆ ಅಂದಿನ ಮೈಸೂರು ರಾಜ್ಯ ಅಲ್ಲಿ ನೆಲ ಕೊಟ್ಟಿತು. ಅವರು ಮುಸುಕಿನ ಜೋಳ ಬೆಳೆದರು, ಮಕ್ಕಳಿಗೆ ತಮ್ಮ ಲಿಪಿ ಕಲಿಸಿದರು, 1963ರಲ್ಲಿ ನಾಮ್‌ಡ್ರೋಲಿಂಗ್ ಮಠ ಕಟ್ಟತೊಡಗಿದರು. ಹುಣಸೂರು ತಾಲೂಕಿನ ಗುರುಪುರದಲ್ಲೂ ಅವರ ನೆಲೆಯಿದೆ. ಅವರ ಧರ್ಮ ಬೇರೆ, ನಮ್ಮದು ಬೇರೆ. ಆದರೆ ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುವ ಅವರ ವೃದ್ಧ ಗುರುಗಳನ್ನು ಕಂಡಾಗ ನನಗೆ ಹಜ್ರತರ ಸ್ಲೇಟು ನೆನಪಾಗುತ್ತದೆ. ಹಜ್ರತರಿಗೆ ಮೂರು ದಿನದ ದಾರಿಯಾದರೂ ಇತ್ತು. ಈ ವೃದ್ಧರಲ್ಲಿ ಅನೇಕರಿಗೆ ಮರಳುವ ದಾರಿಯೇ ಇಲ್ಲ.

‘ಸಂಬಳ ಕೊಡುತ್ತೇವಲ್ಲ, ಇನ್ನೇನು ಬೇಕು?’ ಎನ್ನುವವರಿದ್ದಾರೆ. ಸಂಬಳ ಅವರ ಸಮಯಕ್ಕೆ ಸಲ್ಲುತ್ತದೆ. ಮಕ್ಕಳನ್ನು ಊರಲ್ಲಿ ಬಿಟ್ಟು ಬಂದು ನಮ್ಮ ಮಕ್ಕಳ ತಲೆ ಸವರುವುದಕ್ಕೆ ಯಾವ ಸಂಬಳ? ಅದರ ಋಣ ತೀರಿಸಲು ದೊಡ್ಡ ಕೆಲಸಗಳೇನೂ ಬೇಕಿಲ್ಲ. ಕ್ಯಾರಿಯರ್ ಕಳಿಸುವ ಬದಲು ಒಮ್ಮೆ ಮನೆಗೆ ಕರೆದು ಜೊತೆಯಲ್ಲಿ ಕೂತು ಉಣ್ಣೋಣ. ಅವರ ತಾಯಿಯ ಆರೋಗ್ಯ ವಿಚಾರಿಸೋಣ. ಸಾವು, ಕಾಯಿಲೆಗಳ ರಜೆಯನ್ನು ಲೆಕ್ಕದ ಪುಸ್ತಕದಿಂದ ಹೊರಗಿಡೋಣ.

ಈಗ ನಾನೂ ಶಿಕ್ಷಕ. ಪ್ರತಿ ನಮಾಝಿನ ನಂತರ ಹಜ್ರತರಿಗೂ ಅವರ ತಂದೆಗೂ ದುಆ ಮಾಡುತ್ತೇನೆ. ಆ ತಂದೆಯ ಹೆಸರೇನೆಂದು ಅಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ‘ನನ್ನ ಗುರುವಿನ ತಂದೆ’ ಎಂದಷ್ಟೇ ಹೇಳುತ್ತೇನೆ. ಅಲ್ಲಾಹನಿಗೆ ಹೆಸರು ಗೊತ್ತಿದೆ.