ಜಾರಿದ ಕುಣಿಕೆ

ಹಾನಗಲ್ಲಿನ ನಮ್ಮ ಮನೆಯಲ್ಲಿ ಮಡದಿಯು ಮೊಮ್ಮಗನಿಗೆ ಸ್ವೆಟರ್ ಹೆಣೆಯುತ್ತಿದ್ದಳು. ಕಡ್ಡಿಗೆ ಕುಣಿಕೆಗಳನ್ನೇರಿಸಿ, ಒಂದು ಸೀದಾ ಒಂದು ಉಲ್ಟಾ ಹೆಣೆದು ಕೆಳಪಟ್ಟಿ ಮುಗಿಸಿ, ಕಂಕುಳಿನವರೆಗೆ ಬಂದಾಗ 12 ಸಾಲುಗಳ ಕೆಳಗೆ ಒಂದು ಕುಣಿಕೆ ಜಾರಿದ್ದು ಕಂಡಿತು.

“ಒಳಗಿನಿಂದ ಹೊಲಿದುಬಿಡು, ಯಾರಿಗೆ ಕಾಣುತ್ತದೆ?” ಎಂದೆನು. ಆಕೆ ಮಾತನಾಡದೆ ಅಷ್ಟೂ ಸಾಲುಗಳನ್ನು ಬಿಚ್ಚಿದಳು.

ಕಿರ್ದಿಯ ತಪ್ಪನ್ನು ಅದು ನಡೆದ ಪುಟದಲ್ಲಿಯೇ ತಿದ್ದಬೇಕೆಂದು ಗುಮಾಸ್ತರಿಗೆ ಬೋಧಿಸಿದವನು ನಾನೇ! ಕುಣಿಕೆ ಜಾರಿದ್ದು ಪ್ರಮಾದ. ಅದನ್ನು ಮರೆಮಾಚುವುದು ಮಾಯಾಚಾರ. ಪ್ರಮಾದವು ಕೈಯದು, ಮಾಯಾಚಾರವು ಮನಸ್ಸಿನದು.

ಬಿಚ್ಚಿದ ದಾರವೇನೂ ನಷ್ಟವಾಗಲಿಲ್ಲ. ಅದರಿಂದಲೇ ಮತ್ತೆ ಹೆಣೆದಳು. ಹೋದದ್ದು ಎರಡು ಸಂಜೆ ಮಾತ್ರ. ಹೆಗಲು, ಪಕ್ಕಗಳನ್ನು ಕೂಡಿಸಿ, ದಾರದ ತುದಿಗಳನ್ನು ಒಳಸೇರಿಸಿ ಮುಗಿಸಿದ ದಿನ, ನನ್ನ ಹಳೆಯ ಲೆಕ್ಕಗಳಲ್ಲಿ ಒಳಗಿನಿಂದ ಹಾಕಿದ ಹೊಲಿಗೆಗಳು ಎಷ್ಟಿವೆಯೆಂದು ಎಣಿಸತೊಡಗಿದೆನು.