ನಾಲ್ಕು ಹೆಗಲು

ಕೆಲಸದಿಂದ ನಿವೃತ್ತನಾಗಿ, ಬೆಂಗಳೂರಿನ ಮನೆಯನ್ನು ಮಗನಿಗೆ ಬಿಟ್ಟು, ಹಿರಿಯೂರಿಗೆ ಎಂಟು ಹತ್ತು ಮೈಲಿ ದೂರದ ಹುಟ್ಟೂರಿಗೆ ಬಂದು ನೆಲೆಸಿದಾಗ ಗೆಳೆಯರೆಲ್ಲ ನನ್ನನ್ನು ಪುಣ್ಯವಂತನೆಂದರು. ನಾನೂ ಹಾಗೆಯೇ ಎಣಿಸಿದ್ದೆ. ಬೆಳಿಗ್ಗೆ ಬೇವಿನ ಮರದಲ್ಲಿ ಗಿಳಿಗಳ ಗದ್ದಲ. ಮಧ್ಯಾಹ್ನ ಜಗಲಿಯಲ್ಲಿ ಓದುತ್ತ ಕುಳಿತರೆ ಪುಟ ಮಗುಚುವ ಸದ್ದನ್ನು ಬಿಟ್ಟು ಬೇರೊಂದಿಲ್ಲ. ಹೆದ್ದಾರಿಯ ಲಾರಿಗಳ ಮೊರೆತವೂ ರಾತ್ರಿ ಗಾಳಿ ಈ ಕಡೆಗೆ ಬೀಸಿದರೆ ಮಾತ್ರ ಕೇಳೀತು. ಇಂಥ ಶಾಂತಿಗಾಗಿಯೇ ಅಲ್ಲವೆ ನಲವತ್ತು ವರ್ಷ ಸಿಟಿ ಬಸ್ಸಿನ ಕಂಬಿ ಹಿಡಿದು ನೇತಾಡಿದ್ದು?

ಹಿರಿಯೂರೆಂದರೆ ದೊಡ್ಡ ಊರೆಂದು ಅರ್ಥ. ಈಗ ಸುತ್ತಿನ ಹಳ್ಳಿಗಳನ್ನು ನೋಡಿದರೆ ಹಿರಿಯರ ಊರೆಂದೇ ಅರ್ಥ ಮಾಡಬೇಕಾಗಿದೆ. ನಮ್ಮ ಬೀದಿಯಲ್ಲಿ ಹದಿನಾಲ್ಕು ಮನೆ; ಐದಕ್ಕೆ ಬೀಗ. ಉಳಿದ ಒಂಬತ್ತರಲ್ಲಿ ಐವತ್ತು ದಾಟದವರೆಂದರೆ ಅಂಗಡಿಯವನು ಮತ್ತು ಅವನ ಹೆಂಡತಿ. ಬರದ ವರ್ಷಗಳಲ್ಲಿ ತೆಂಗಿನ ಮರಗಳು ಸುಳಿ ಒಣಗಿ ಕಂಬಗಳಂತೆ ನಿಂತಾಗ ಊರು ಬಿಟ್ಟವರು ಕೆಲವರು, ಓದು ಮುಗಿಸಿ ಹೋದವರು ಕೆಲವರು. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲೊಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರಿನಲ್ಲಿ. ಆಗ ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಮಕ್ಕಳು ಮೊಮ್ಮಕ್ಕಳು ಬಂದರು, ನೀರು ನೋಡಿದರು, ಫೋಟೋ ತೆಗೆದುಕೊಂಡರು, ಸೋಮವಾರದ ಆಫೀಸಿಗೆ ಹಿಂತಿರುಗಿದರು.

ಇಂಗ್ಲೆಂಡಿನ ಡಾರ್ಸೆಟ್, ಡೆವನ್ ಸೀಮೆಯ ಹಳ್ಳಿಗಳಲ್ಲಿಯೂ ಮುದುಕರೇ ಹೆಚ್ಚು. ಆದರೆ ಅಲ್ಲಿ ಪಟ್ಟಣದಲ್ಲಿ ದುಡಿದವರು ವಿಶ್ರಾಂತಿಗೆಂದು ಹಳ್ಳಿಗೆ ಬಂದು ಮನೆ ಕೊಳ್ಳುತ್ತಾರೆ; ಬೆಲೆ ಏರಿ ಊರಿನ ಹುಡುಗರಿಗೆ ಅಲ್ಲಿ ಸೂರು ಸಿಗುವುದು ಕಷ್ಟವಾಗುತ್ತದೆ. ಅಲ್ಲಿನ ಮೌನ ಹಣ ಕೊಟ್ಟು ಕೊಂಡದ್ದು. ನಮ್ಮಲ್ಲಿನದು ಹೋದವರು ಬಿಟ್ಟುಹೋದದ್ದು. ವಾನಪ್ರಸ್ಥವೆಂದರೆ ಮುದುಕರು ಮನೆ ಬಿಟ್ಟು ಕಾಡಿಗೆ ಹೋಗುವುದೆಂದು ಓದಿದ್ದೆವು. ಇಲ್ಲಿ ಮಕ್ಕಳು ಹೋಗಿ, ಮುದುಕರು ಕುಳಿತಲ್ಲಿಯೇ ಕಾಡಾಗಿದೆ. ನನ್ನ ಪಾಡೇ ಬೇರೆ. ಆ ಇಂಗ್ಲೆಂಡಿನವರ ಹಾಗೆ ಬೇಕೆಂದು ಬಂದವನು ನಾನು. ನೆರೆಯವರಿಗೆ ಬೇಡವಾದ ಮೌನವನ್ನು ಸವಿಯುತ್ತ ಕುಳಿತವನು. ಹಾಗೆ ಸವಿಯುವುದು ತಪ್ಪೆಂದು ಬಹಳ ದಿನ ನನಗೆ ತೋರಲೇ ಇಲ್ಲ.

ಹೋದ ಚಳಿಗಾಲ ಎದುರು ಮನೆಯ ಅಣ್ಣ ತೀರಿಕೊಂಡರು. ನಂಟೇನೂ ಇಲ್ಲ, ಹುಡುಗತನದಿಂದ ಹಾಗೆ ಕರೆದ ರೂಢಿ. ಮಗ ಪುಣೆಯಿಂದ ರಾತ್ರಿಯೆಲ್ಲ ಕಾರು ಓಡಿಸಿಕೊಂಡು ಬಂದ. ಗುಂಡಿ ತೋಡಲು ಆಳಿಲ್ಲದೆ ಜೆಸಿಬಿ ತರಿಸಿದರು. ಅದು ಕ್ಷಣದಲ್ಲಿ ಕೆಲಸ ಮುಗಿಸಿ ಬಾಡಿಗೆ ಎಣಿಸಿಕೊಂಡು ಹೋಯಿತು. ಚಟ್ಟ ಹೊರಲು ಮಾತ್ರ ಯಂತ್ರ ಬರುವುದಿಲ್ಲ. ಮಗನದೊಂದು ಹೆಗಲು, ಅಂಗಡಿಯವನದೊಂದು, ಹಾಲಿನ ವ್ಯಾನಿನ ಡ್ರೈವರನದೊಂದು. ನಾಲ್ಕನೆಯದಕ್ಕೆ ಒಬ್ಬರ ಮುಖ ಒಬ್ಬರು ನೋಡಿದೆವು. ಅರವತ್ತೇಳು ವರ್ಷದ ನಾನು ಹೆಗಲು ಕೊಟ್ಟೆ. ತೋಟ ಮುಟ್ಟುವುದರಲ್ಲಿ ಮೂರು ಸಲ ಇಳಿಸಬೇಕಾಯಿತು, ಮೂರು ಸಲವೂ ನನ್ನಿಂದಾಗಿ.

1984ರಲ್ಲಿ ನನ್ನ ತಂದೆಗೆ ಹೆಗಲು ಕೊಟ್ಟವರಲ್ಲಿ ಆ ಅಣ್ಣನೂ ಒಬ್ಬರು. ತಂತಿ ತಲುಪಿ, ಬಸ್ಸು ಹಿಡಿದು ನಾನು ಬರುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. "ನೀನು ಬರೋದು ತಡವಾಗುತ್ತೆ ಅಂತ ನಾವೇ ಮಾಡಿದ್ವಿ ಕಣಪ್ಪ" ಎಂದರೇ ಹೊರತು, ಬೇರೊಂದು ಮಾತು ಆಡಲಿಲ್ಲ. ಹೀಗಿರುವಾಗ ಈಗಿನ ಹುಡುಗರನ್ನು ನಾನು ಯಾವ ಬಾಯಿಂದ ದೂರಲಿ? ಊರಲ್ಲಿಯೇ ಇದ್ದಿದ್ದರೆ ಅವರು ತಿನ್ನುವುದು ಏನನ್ನು?

ತಂದೆತಾಯಿಗಳ ಪೋಷಣೆಗೆಂದು 2007ರಲ್ಲಿ ಕಾನೂನೇ ಆಗಿದೆ. ನಮ್ಮ ಬೀದಿಯಲ್ಲಿ ಅದರ ಮೊರೆ ಹೋಗಬೇಕಾದವರಿಲ್ಲ. ತಿಂಗಳ ಮೊದಲಲ್ಲಿ ಎಲ್ಲರಿಗೂ ಹಣ ಬರುತ್ತದೆ. ಅಕ್ಕಿಯ ಲೆಕ್ಕ, ಔಷಧಿಯ ಲೆಕ್ಕ ನ್ಯಾಯಾಧಿಕರಣ ಹಾಕಬಲ್ಲುದು. ಹತ್ತಿರ ಇರುವುದು ಒಂದು ಸಾಲವೆ, ಆದರೆ ಅದನ್ನು ಯಾರು ಯಾರಿಗೆ ತೀರಿಸಬೇಕು? ಕೊಟ್ಟವರಿಗೇ ತೀರಿಸಲಾಗದಿದ್ದರೆ ಪಕ್ಕದವರಿಗೆ ತೀರಿಸಿದರೂ ಸಂದೀತೆ?

ಈಗ ಅತ್ತಿಗೆ ಒಬ್ಬರೇ. ದಿನಾ ಮೂರು ಗಂಟೆಗೆ, ಸರಿಯಾಗಿ ನನ್ನ ಓದಿನ ಹೊತ್ತಿಗೆ, ಮೊಬೈಲು ಹಿಡಿದು ಬರುತ್ತಾರೆ: "ಮಗನಿಗೊಂದು ಫೋನ್ ಮಾಡಿಕೊಡಪ್ಪ." ಮಗ ಮೀಟಿಂಗಿನಲ್ಲಿರುತ್ತಾನೆ. ಆಮೇಲೆ ಸೊಂಟದ ನೋವು, ಬೆಕ್ಕಿನ ಮರಿ, ಹಿಂದಿನ ದಿನ ಹೇಳಿದ್ದೇ ಮತ್ತೆ. ಒಂದು ದಿನ ಅವರು ಬೀದಿ ದಾಟುವುದನ್ನು ಕಂಡು ಪುಸ್ತಕ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವರು ಬಾಗಿಲು ತಟ್ಟಲಿಲ್ಲ, ಕೂಗಲಿಲ್ಲ. ಕಿಟಕಿಯ ಸಂದಿಯಿಂದ ನೋಡಿದರೆ, ನನ್ನ ಜಗಲಿಯ ಮೇಲೆ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ದೀಪ ಹಚ್ಚುವ ಹೊತ್ತಿನವರೆಗೂ ಕುಳಿತಿದ್ದರು. ಆ ಮೂರು ಗಂಟೆ ನಾನು ಬಯಸಿದಂಥದೇ ನಿಶ್ಶಬ್ದವಿತ್ತು. ಒಂದು ಪುಟವೂ ಓದಲಾಗಲಿಲ್ಲ.

ಮಗ ಪ್ರತಿ ಭಾನುವಾರ ಕರೆಯುತ್ತಾನೆ: "ಅಪ್ಪಾ, ಇಲ್ಲಿಗೇ ಬಂದುಬಿಡಿ, ಆಸ್ಪತ್ರೆ ಹತ್ತಿರ." ಅವನು ಹೇಳುವುದು ನ್ಯಾಯವೇ, ನನ್ನ ಕಾಲಕ್ಕೆ ಅವನೂ ರಾತ್ರಿಯೆಲ್ಲ ಕಾರು ಓಡಿಸಿಕೊಂಡು ಬರಬೇಕಾದೀತು. ನಾನು ಹೊರಟರೆ ಇಲ್ಲಿ ಒಂದು ಹೆಗಲು ಕಡಿಮೆಯಾಗುತ್ತದೆಂದು ಹೇಳಲು ನಾಚಿಕೆ, ಮೂರು ಸಲ ಇಳಿಸಿದ ಹೆಗಲು ಅದು. ಈ ಸಲ, ಮನೆಗೆ ಸುಣ್ಣ ಹೊಡೆಸಬೇಕು, ಹಬ್ಬ ಕಳೆಯಲಿ ಎನ್ನೋಣವೆಂದಿದ್ದೇನೆ. ಯಾವ ಹಬ್ಬವೆಂದು ಅವನು ಕೇಳದಿದ್ದರೆ ಸಾಕು.